ಕೂಡದು

ಆರ್ಡಿಸ್‌ಳ ಅಡುಗೆಮನೆಯ ಮೇಜಿನ ಮೇಲೆ
ಹದಿನೇಳು ಹಾಳೆ.
ವಕೀಲ ಕನ್ನಡಕ ಒರೆಸಿಕೊಂಡು ಓದತೊಡಗಿದ:
ಗುಡ್ಡ ಕಡಿಯಕೂಡದು.
ಮರಳು ತೆಗೆಯಕೂಡದು.
ಹೊಲವನ್ನು ತುಂಡರಿಸಿ ಮಾರಕೂಡದು.
ತೊರೆಯಿಂದ ನೂರಡಿಯೊಳಗೆ ಉಳಕೂಡದು.
ಇವತ್ತಿಗಲ್ಲ, ಈ ತಲೆಮಾರಿಗಲ್ಲ,
ಎಂದೆಂದಿಗೂ.

ನಾನು ಅವ್ವನ ಕಿವಿಗೆ ನಮ್ಮ ಹ್ಮಾಂಗ್ ನುಡಿಯಲ್ಲಿ
ಒಂದೊಂದೇ ಕೂಡದನ್ನು ದಾಟಿಸುತ್ತಿದ್ದೆ,
ಹರಿವ ನೀರಲ್ಲಿ ಕಲ್ಲಿಂದ ಕಲ್ಲಿಗೆ
ಮಗುವನ್ನು ದಾಟಿಸುವ ಹಾಗೆ.

ಆ ಪತ್ರದಲ್ಲಿ ನಮ್ಮ ಸಹಿ ಇಲ್ಲ.
ಕೆಳಗಿನ ಮೂರೆಕರೆ ಗೇಣಿಗೆ ಮಾಡುವವರು ನಾವು:
ಹಾಗಲ, ಸಾಸಿವೆ ಸೊಪ್ಪು, ಮಜ್ಜಿಗೆಹುಲ್ಲು,
ವಿಸ್ಕಾನ್ಸಿನ್ನಿನ ಚಳಿಗೆ ಹೆದರಿ
ಬೇಗ ಬೇಗ ಕೆಂಪಾಗುವ ಮೆಣಸಿನಕಾಯಿ.
ಕರೆದವಳು ಆರ್ಡಿಸ್ಸೇ.
"ಮಣ್ಣಲ್ಲಿ ಕೈಯಿಟ್ಟವರು ಕೇಳದಿದ್ದರೆ
ಇನ್ಯಾರಿಗೆ ಓದಿ ಹೇಳೋದು?"

ಮರಳಿನ ಕಂಪನಿಯವನು ಬಂದದ್ದು ಮಾರ್ಚಿನಲ್ಲಿ,
ಹಿಮ ಕರಗಿ ಅಂಗಳ ರಾಡಿಯಾಗಿದ್ದಾಗ.
ಬೂಟು ಕೆಡದಂತೆ ಹಲಗೆಯಿಂದ ಹಲಗೆಗೆ ಜಿಗಿಯುತ್ತ ಬಂದು
ಗುಡ್ಡದ ಬೆಲೆಯನ್ನು ಚೀಟಿಯಲ್ಲಿ ಬರೆದು
ಸಕ್ಕರೆ ಡಬ್ಬಿಯ ಕೆಳಗಿಟ್ಟು ಹೋದ.
ಮೂರು ವಾರ ಅವಳು ಅದನ್ನು ಬಿಡಿಸಲಿಲ್ಲ.
ಆಮೇಲೆ ಬಿಡಿಸಿದಳು.
ಆಮೇಲೆ ಎರಡು ರಾತ್ರಿ ಮಲಗಲಿಲ್ಲ.
ಸುಳ್ಳು ಯಾಕೆ, ಅವಳೇ ಹೇಳಿದ್ದು ಇದು:
ಹಸುಗಳನ್ನು ಮಾರಿದ ಮೇಲೆ
ಕೊಟ್ಟಿಗೆಯ ಮಾಡು ಪ್ರತಿ ಚಳಿಗಾಲವೂ
ಒಂದಿಷ್ಟು ಬಾಗುತ್ತಿದೆ.

ಮೇ ತಿಂಗಳಲ್ಲಿ ತೊರೆಯ ಬದಿ ಬೇಲಿಗೆಂದು
ನನ್ನ ತಮ್ಮ ತೌ ಕುಣಿ ತೋಡುತ್ತಿದ್ದ.
ಎರಡಡಿಗೆ ಹಾರೆ ಮರಕ್ಕೆ ಬಡಿಯಿತು.
ಕೆದಕಿದರೆ ಒಂದು ಕಂಬದ ತಲೆ,
ತುಕ್ಕು ತಂತಿಯನ್ನು ಇನ್ನೂ ಬಿಟ್ಟಿರಲಿಲ್ಲ.
ಮತ್ತೂ ತೋಡಿದರೆ, ಅದರ ಬುಡದ ಪಕ್ಕ,
ಇನ್ನೊಂದು ಕಂಬದ ತಲೆ.

ಆರ್ಡಿಸ್ ಕೋಲೂರಿಕೊಂಡು ಇಳಿದು ಬಂದು
ಬಾವಿ ಇಣುಕುವಂತೆ ಇಣುಕಿದಳು.
ಮೇಲಿನದು ಅಪ್ಪನದು, ಅಂದಳು,
ಕೆಳಗಿನದು ಅಜ್ಜನದು.
ನಡುವಿನ ಮಣ್ಣೆಲ್ಲ ಗುಡ್ಡದ್ದು,
ನೇರ ಮೇಲಿಂದ ಕೆಳಕ್ಕೆ ಉತ್ತು
ನಾವೇ ಮಳೆಯ ಕೈಗೆ ಕೊಟ್ಟದ್ದು.

ಆಮೇಲೆ ಅವರಪ್ಪ ಕಲಿತರಂತೆ
ಗುಡ್ಡದ ಮೈ ಬಳಸಿ ಅಡ್ಡ ಉಳುವುದನ್ನು,
ಒಂದು ಪಟ್ಟಿ ಹುಲ್ಲು, ಒಂದು ಪಟ್ಟಿ ಜೋಳ.
ಕುಡಿದವನ ಸಾಲು ಎಂದು ನೆರೆಯವರು ನಕ್ಕರಂತೆ.
ನಕ್ಕರು. ಮಣ್ಣು ಮಾತ್ರ ನಿಂತಿತು.

ಈಗ ಅವ್ವ ಕೇಳಿದಳು:
"ಎಂದೆಂದಿಗೂ ಅಂದರೆ ಎಷ್ಟು?"
ವಕೀಲ ಹನ್ನೊಂದನೇ ಹಾಳೆ ತಿರುವಿದ, ಅಲ್ಲಿರಲಿಲ್ಲ.
ಅವ್ವನಿಗೆ ಗೊತ್ತು, ಒಂದೇ ರಾತ್ರಿಯಲ್ಲಿ ಮುಗಿದ ಊರುಗಳು.
ಕಾಗದಗಳೂ ಗೊತ್ತು.
"ಇಷ್ಟೊಂದು ಕೂಡದುಗಳನ್ನು ಕೂಡಿಸಿದರೆ
ಒಂದಾದರೂ ಬಹುದು ಬರುವುದಿಲ್ಲವೇ?"

ಹುಡುಕಿದ, ಪಾಪ.
ಒಂಬತ್ತನೆಯದರಲ್ಲಿ ಅರ್ಧ ಸಾಲು:
ಬೇಸಾಯ ಮಾಡಬಹುದು.
ಅವ್ವ ಅದನ್ನು ಎರಡು ಸಲ ಹೇಳಿಸಿಕೊಂಡಳು.

ಸಹಿಗೆ ಬಂದರೆ ಪೆನ್ನು ಬರೆಯಲಿಲ್ಲ.
ವಕೀಲನದೂ ಕೈಕೊಟ್ಟಿತು.
ಶನಿವಾರದ ಸಂತೆಯಲ್ಲಿ ಬೆಲೆ ಬರೆಯುವ
ನನ್ನ ದಪ್ಪ ಕಪ್ಪು ಮಾರ್ಕರ್ ಕೊಟ್ಟೆ.
"ಹಾಗಲ, ಕಟ್ಟಿಗೆ ಮೂರು ಡಾಲರ್" ಎಂದು ಬರೆದ ಅದೇ ಮಸಿಯಲ್ಲಿ
ಎಂಬತ್ತೊಂದರ ಕೈ ನಡುಗುತ್ತ
ಎಂದೆಂದಿಗೂ ಎಂಬುದರ ಕೆಳಗೆ
ತನ್ನ ಹೆಸರಿಟ್ಟಿತು. ಹಿಂದಿನ ಹಾಳೆಗೂ ಇಳಿಯಿತು ಮಸಿ.

ಹಾಳೆ ಸರಿಸಿ ಬಸಿಗಳನ್ನಿಟ್ಟೆವು.
ಬೇಯಿಸಿದ ಆಲೂ, ಬೆಣ್ಣೆ, ಅವ್ವ ಹುರಿದ ಸೊಪ್ಪು.
ಖಾರ ಜಾಸ್ತಿ ಎಂದು ವಕೀಲ
ಮೂರು ಸಲ ಬಡಿಸಿಕೊಂಡ.

ತೌ ಆ ಎರಡು ಕಂಬಗಳನ್ನು ಕೀಳಲಿಲ್ಲ.
ಪಕ್ಕದಲ್ಲೇ ಹೊಸದನ್ನು ನೆಟ್ಟು, ಮಣ್ಣು ತುಳಿದು,
ಮೇಲೆ ಕೈಯಿಟ್ಟು ಅಲುಗಿಸಿ ನೋಡಿದ.
ಎದೆಯೆತ್ತರಕ್ಕಿದೆ ಈಗ.
ಪ್ರತಿ ಮಳೆ ನಿಂತ ಮೇಲೆ
ಅವ್ವ ಹೋಗಿ ಅಳೆದು ಬರುತ್ತಾಳೆ.